ಕಾಪಿ ಮಾಡಿದ್ದಕ್ಕೆ ಒಂದು ಹೆಡಿಗೆ

(ಉಡುಪಿಯಲ್ಲಿ ಒಂದು ಭಾನುವಾರ ಡಿಟಿಪಿ ಕೆಲಸದವರು, ದಸ್ತಾವೇಜು ಬರೆಯುವವರು, ಊರಿನ ವರದಿಗಾರರು, ಕೆಲವು ಮಾಸ್ಟ್ರುಗಳು ಸೇರಿದ್ದ ಕೂಟದಲ್ಲಿ ಮಾತಾಡಿದ್ದು. ಆಡಿದ ಧಾಟಿಯಲ್ಲೇ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನಾನು ನೇರ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷ ಹಿಂದೆ ನಮ್ಮ ಅಂಗಡಿಗೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣದ ಕೆಲಸ ಬಂತು. ನಮ್ಮ ಕಡೆಯ ಬ್ರಹ್ಮಕಲಶದ ಆಮಂತ್ರಣ ಅಂದರೆ ನಿಮಗೆ ಗೊತ್ತಲ್ಲ, ಅದು ಒಂದು ಹಾಳೆಯದ್ದಲ್ಲ, ಪುಸ್ತಕವೇ. ಹೊರೆಕಾಣಿಕೆ ಸಮಿತಿ, ಅನ್ನಸಂತರ್ಪಣೆ ಸಮಿತಿ, ಚಪ್ಪರ ಸಮಿತಿ, ಸ್ವಾಗತ ಸಮಿತಿ, ಒಂದೊಂದರಲ್ಲೂ ಸಂಚಾಲಕರು, ಸಹ ಸಂಚಾಲಕರು, ಸದಸ್ಯರು. ಎಲ್ಲ ಸೇರಿ 200ಕ್ಕೂ ಜಾಸ್ತಿ ಹೆಸರು. ಬೆಳಿಗ್ಗೆಯಿಂದ ಕೂತು ಟೈಪ್ ಮಾಡಿದ್ದೆ. ಸಂಜೆ ಆ ಪಟ್ಟಿಯನ್ನು ಒಂದು ಫೈಲಿನಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕಿತ್ತು. ಪೂರ್ತಿ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಕ್ಸ್ ಒತ್ತಿದೆ. ಅಷ್ಟರಲ್ಲಿ ಒಬ್ಬರು ಬಂದು, "ಒಂದು ಅರ್ಜಿ ಅರ್ಜೆಂಟ್ ಉಂಟು ಮಾರಾಯ್ರೇ, ಬಸ್ಸಿಗೆ ಹೊತ್ತಾಯ್ತು" ಅಂದರು. ಪಟ್ಟಿಯ ಫೈಲನ್ನು ಸೇವ್ ಮಾಡಿ ಮುಚ್ಚಿದೆ. ಅವರ ಅರ್ಜಿಗೆ ಒಂದು ವಿಳಾಸ ಕಾಪಿ ಮಾಡಿ ಹಾಕಿ, ಪ್ರಿಂಟ್ ತೆಗೆದು ಕೊಟ್ಟು ಕಳಿಸಿದೆ. ಆಮೇಲೆ ಹೊಸ ಫೈಲು ತೆರೆದು ಕಂಟ್ರೋಲ್ ವಿ ಒತ್ತಿದರೆ ಬಂದದ್ದು ಆ ವಿಳಾಸ. ಮೂರು ಸಾಲು.

ಪಟ್ಟಿ ಹೋಗಿತ್ತು. ಹಳೆಯ ಫೈಲಿನಲ್ಲಿ ಇಲ್ಲ, ಕಟ್ ಮಾಡಿ ಸೇವ್ ಮಾಡಿದ್ದೆ. ಅನ್‌ಡೂ ಮಾಡೋಣ ಅಂದರೆ ಫೈಲು ಒಮ್ಮೆ ಮುಚ್ಚಿದ ಮೇಲೆ ಅದೂ ಆಗುವುದಿಲ್ಲ. ಆ ರಾತ್ರಿ 200 ಹೆಸರನ್ನು ಮತ್ತೆ ಟೈಪ್ ಮಾಡಿದೆ. ಎರಡನೆಯ ಸಲ ಟೈಪ್ ಮಾಡುವಾಗ ತಪ್ಪು ಜಾಸ್ತಿ ಆಗುತ್ತದೆ, ಕಣ್ಣು ಸೋತಿರುತ್ತದೆ. ಬ್ರಹ್ಮಕಲಶದ ಆಮಂತ್ರಣದಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಅಂತ ಈ ಕೋಣೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಇವತ್ತು ನಾನು ಹೇಳಲು ಬಂದಿರುವ ವಸ್ತು ಆ ದಿನ ನನ್ನ ಕಂಪ್ಯೂಟರಿನಲ್ಲಿ ಇದ್ದಿದ್ದರೆ ಆ ಪಟ್ಟಿ ಎರಡು ಸೆಕೆಂಡಿನಲ್ಲಿ ವಾಪಸ್ ಬರುತ್ತಿತ್ತು. ಅದರ ಹೆಸರು ಕ್ಲಿಪ್‌ಬೋರ್ಡ್ ಮ್ಯಾನೇಜರ್.

ನಾವು ಕಾಪಿ ಮಾಡಿದ್ದು ಹೋಗಿ ಕೂರುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಅನ್ನುತ್ತಾರೆ. ಅಲ್ಲಿ ಜಾಗ ಇರುವುದು ಒಂದಕ್ಕೇ. ಎರಡನೆಯದು ಬಂದರೆ ಮೊದಲಿನದು ಹೊರಗೆ. ಯಾವ ಎಚ್ಚರಿಕೆಯೂ ಇಲ್ಲ, ಶಬ್ದವೂ ಇಲ್ಲ. ಕಾಪಿ ಮಾಡಿದ್ದಾದರೆ ಮೂಲ ಎಲ್ಲೋ ಇರುತ್ತದೆ, ಮತ್ತೆ ಹೋಗಿ ತರಬಹುದು. ಕಟ್ ಮಾಡಿದ್ದಾದರೆ ಆ ಹೊತ್ತಿಗೆ ಅದು ಇರುವುದು ಅಲ್ಲಿ ಮಾತ್ರ. ಮ್ಯಾನೇಜರ್ ಮಾಡುವ ಕೆಲಸ ಇಷ್ಟೇ: ನೀವು ಕಾಪಿ, ಕಟ್ ಮಾಡಿದ್ದನ್ನೆಲ್ಲ ಒಂದರ ಹಿಂದೆ ಒಂದು ಪಟ್ಟಿಯಾಗಿ ಇಟ್ಟುಕೊಳ್ಳುತ್ತದೆ. ಬೇಕಾದಾಗ ಪಟ್ಟಿ ತೆರೆದು, ಹಳೆಯದನ್ನು ಆರಿಸಿ, ಪೇಸ್ಟ್ ಮಾಡಬಹುದು.

ಕಳೆದುಹೋದದ್ದು ಸಿಗುತ್ತದೆ ಅನ್ನುವುದು ದೊಡ್ಡ ಲಾಭವೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಕೆಲಸ ಮಾಡುವ ಕ್ರಮವೇ ಬದಲಾಯಿತು.

ತೋಟಕ್ಕೆ ಅಡಿಕೆ ಹೆಕ್ಕಲು ಹೋಗುವವರು ಏನು ಮಾಡುತ್ತಾರೆ? ಒಂದು ಅಡಿಕೆ ಹೆಕ್ಕಿ, ಮನೆಗೆ ಬಂದು ಅಂಗಳದಲ್ಲಿ ಹಾಕಿ, ಮತ್ತೆ ತೋಟಕ್ಕೆ ಹೋಗುತ್ತಾರಾ? ಹೆಡಿಗೆ ತೆಗೆದುಕೊಂಡು ಹೋಗುತ್ತಾರೆ. ಇದ್ದದ್ದೆಲ್ಲ ಹೆಕ್ಕಿ ತುಂಬಿಸಿ ಒಂದೇ ಸಲ ತರುತ್ತಾರೆ. ನಾವು ಕಂಪ್ಯೂಟರಿನಲ್ಲಿ ಮಾಡುತ್ತಿರುವುದು ಒಂದೊಂದೇ ಅಡಿಕೆಯ ಕೆಲಸ. ವಾಟ್ಸಾಪಿನಿಂದ ಹೆಸರು ಕಾಪಿ, ವರ್ಡಿಗೆ ಬಂದು ಪೇಸ್ಟ್. ಮತ್ತೆ ವಾಟ್ಸಾಪ್, ತಾರೀಕು ಕಾಪಿ, ಮತ್ತೆ ವರ್ಡ್. ಮತ್ತೆ ವಾಟ್ಸಾಪ್, ಸ್ಥಳ ಕಾಪಿ. ಹೀಗೆ ಒಂದು ಮದುವೆ ಕಾಗದಕ್ಕೆ ಇಪ್ಪತ್ತು ಸಲ ಆಚೆಈಚೆ ಓಡಾಟ, ಪ್ರತಿ ಸಲವೂ ಎಲ್ಲಿದ್ದೆ, ಏನು ಹುಡುಕುತ್ತಿದ್ದೆ ಅಂತ ನೆನಪು ಮಾಡಿಕೊಳ್ಳಬೇಕು. ಮ್ಯಾನೇಜರ್ ಇದ್ದರೆ ವಾಟ್ಸಾಪಿನಲ್ಲಿ ಕೂತು ಬೇಕಾದ್ದನ್ನೆಲ್ಲ ಒಂದಾದ ಮೇಲೆ ಒಂದು ಕಾಪಿ ಮಾಡುತ್ತಾ ಹೋಗಿ. ವರ, ವಧು, ಮುಹೂರ್ತ, ಸಭಾಂಗಣ. ಆಮೇಲೆ ವರ್ಡಿಗೆ ಬಂದು ಒಂದೊಂದನ್ನೇ ಅದರ ಜಾಗದಲ್ಲಿ ಇಡಿ. ಹೆಕ್ಕುವಾಗ ಹೆಕ್ಕುವುದು, ಜೋಡಿಸುವಾಗ ಜೋಡಿಸುವುದು. ಎರಡನ್ನೂ ಬೇರೆ ಮಾಡಿದ ಮೇಲೆ ನನಗೆ ಸಮಯ ಉಳಿದದ್ದಕ್ಕಿಂತ ಜಾಸ್ತಿ ತಲೆ ಹಗುರ ಆಯಿತು, ಸಂಜೆಯ ಹೊತ್ತಿಗೆ ಆಗುತ್ತಿದ್ದ ತಪ್ಪುಗಳೂ ಕಡಿಮೆ ಆದವು.

ಈ ಕಟ್, ಕಾಪಿ, ಪೇಸ್ಟ್ ಅನ್ನುವುದು ನಮ್ಮಂಥವರ ಕೆಲಸದಿಂದಲೇ ಹುಟ್ಟಿದ್ದು ಅಂತ ಗೊತ್ತಾದಾಗ ನನಗೆ ತುಂಬ ಖುಷಿಯಾಯಿತು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರ ಇತ್ತು. ಅಲ್ಲಿ ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಅನ್ನುವ ಇಬ್ಬರು ಜಿಪ್ಸಿ ಎಂಬ ಬರವಣಿಗೆಯ ತಂತ್ರಾಂಶ ಮಾಡಿದರು. ಅದು ಪಠ್ಯಪುಸ್ತಕ ಪ್ರಕಟಿಸುವ ಒಂದು ಸಂಸ್ಥೆಯ ಸಂಪಾದಕರಿಗಾಗಿ ಮಾಡಿದ್ದು. ಆಗ ಸಂಪಾದಕರು ಹಸ್ತಪ್ರತಿಯನ್ನು ನಿಜವಾಗಿಯೂ ಕತ್ತರಿಯಿಂದ ಕತ್ತರಿಸಿ, ಗೋಂದು ಹಚ್ಚಿ, ಬೇರೆ ಕಡೆ ಅಂಟಿಸುತ್ತಿದ್ದರು. ನಮ್ಮಲ್ಲಿ ಹಳೆಯ ಪತ್ರಿಕಾ ಕಚೇರಿಗಳಲ್ಲಿ ಅಕ್ಷರ ಮೂಡಿಸಿದ ಬ್ರೋಮೈಡ್ ಕಾಗದ ಕತ್ತರಿಸಿ ಪುಟ ಕಟ್ಟುತ್ತಿದ್ದರಲ್ಲ, ಹಾಗೆಯೇ. ಟೆಸ್ಲರ್ ಆ ಕತ್ತರಿ, ಗೋಂದನ್ನೇ ಪರದೆಗೆ ತಂದರು. ಆಮೇಲೆ ಅವರು ಆಪಲ್ ಸೇರಿದರು. 1983ರಲ್ಲಿ ಲಿಸಾ, 1984ರಲ್ಲಿ ಮ್ಯಾಕಿಂಟಾಷ್ ಬಂತು, ಕೀಬೋರ್ಡಿನ ಕೆಳಸಾಲಿನ ಎಕ್ಸ್, ಸಿ, ವಿ ನಮ್ಮ ಬೆರಳಿಗೆ ಅಂಟಿಕೊಂಡವು. ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ದಿನಕ್ಕೆ ನೂರಾರು ಸಲ ಒತ್ತುವ ಕೀಗಳ ಹಿಂದೆ ಇಂಥ ಒಬ್ಬರು ಇದ್ದರು ಅಂತ ತಿಳಿದಿರಬೇಕು, ಅಲ್ವಾ?

ಆ ಮೊದಲ ಮ್ಯಾಕಿಂಟಾಷಿನಲ್ಲೇ ಸ್ಕ್ರ್ಯಾಪ್‌ಬುಕ್ ಅಂತ ಒಂದು ಸಣ್ಣ ಸಾಧನ ಇತ್ತು. ಬೇಕಾದ ತುಣುಕುಗಳನ್ನು ಅದರಲ್ಲಿ ಅಂಟಿಸಿಟ್ಟು ಆಮೇಲೆ ತೆಗೆಯಬಹುದಿತ್ತು. ಒಂದು ಸಾಲದು ಅಂತ ಮೊದಲಿನಿಂದಲೂ ಗೊತ್ತಿತ್ತು ಅಂತಾಯಿತು.

ಈಗ ಕೈಕೆಲಸ. ನಿಮ್ಮಲ್ಲಿ ಹೆಚ್ಚಿನವರದ್ದು ವಿಂಡೋಸ್. ವಿಂಡೋಸ್ ಕೀ ಹಿಡಿದುಕೊಂಡು ವಿ ಒತ್ತಿ. ಕಂಟ್ರೋಲ್ ಅಲ್ಲ, ವಿಂಡೋಸ್ ಕೀ. ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಆನ್ ಮಾಡಬೇಕಾ ಅಂತ ಕೇಳುತ್ತದೆ, ಆನ್ ಮಾಡಿ. ಮುಗಿಯಿತು. ಯಾವುದನ್ನೂ ಡೌನ್‌ಲೋಡ್ ಮಾಡುವುದು ಬೇಡ, ಹಣವೂ ಬೇಡ. ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಡೇಟಿನಿಂದ ಇದು ಒಳಗೇ ಉಂಟು. ಇಷ್ಟು ವರ್ಷ ನಮ್ಮ ಮುಂದೆಯೇ ಇದ್ದು ನಮಗೆ ಯಾರೂ ಹೇಳಲಿಲ್ಲ, ಅದಕ್ಕೇ ನಾನು ಇವತ್ತು ಇಲ್ಲಿ ನಿಂತಿರುವುದು. ಅದು 25 ತುಣುಕು ಇಟ್ಟುಕೊಳ್ಳುತ್ತದೆ, ಒಂದೊಂದು 4 ಎಂಬಿವರೆಗೆ. 26ನೆಯದು ಬಂದಾಗ ಎಲ್ಲಕ್ಕಿಂತ ಹಳೆಯದು ಹೋಗುತ್ತದೆ. ಹೋಗಬಾರದು ಅಂತಿದ್ದರೆ ಅದನ್ನು ಪಿನ್ ಮಾಡಬೇಕು.

ಇನ್ನೂ ಜಾಸ್ತಿ ಬೇಕು ಅನ್ನುವವರಿಗೆ ಡಿಟ್ಟೊ ಅಂತ ಒಂದು ಉಚಿತ ತಂತ್ರಾಂಶ ಇದೆ. ಇದು ಎಲ್ಲವನ್ನೂ ಡಿಸ್ಕಿನ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಎಷ್ಟು ತುಣುಕು ಇಡಬೇಕು, ಎಷ್ಟು ದಿನ ಆದ ಮೇಲೆ ಅಳಿಸಬೇಕು ಅಂತ ನೀವೇ ಹೇಳಬಹುದು. ಹುಡುಕಲೂ ಬರುತ್ತದೆ, ಎರಡು ಅಕ್ಷರ ಟೈಪ್ ಮಾಡಿದರೆ ಹೋದ ತಿಂಗಳ ಸಾಲು ಎದುರಿಗೆ ಬರುತ್ತದೆ. ಲಿನಕ್ಸ್ ಬಳಸುವ ಮಾಸ್ಟ್ರುಗಳಿಗೆ ಕಾಪಿಕ್ಯೂ ಇದೆ, ಲಿನಕ್ಸಿನ ಕೆಡಿಇ ಡೆಸ್ಕ್‌ಟಾಪಿನಲ್ಲಿ ಕ್ಲಿಪ್ಪರ್ ಮೊದಲೇ ಇರುತ್ತದೆ. ಮ್ಯಾಕ್ ಇದ್ದವರು ಮ್ಯಾಕಿ ಅನ್ನುವ ತಂತ್ರಾಂಶ ನೋಡಿ. ಆಂಡ್ರಾಯ್ಡ್ ಫೋನಿನ ಜಿಬೋರ್ಡ್ ಕೀಬೋರ್ಡಿನಲ್ಲೂ ಕ್ಲಿಪ್‌ಬೋರ್ಡ್ ಗುರುತು ಇರುತ್ತದೆ. ಅಲ್ಲಿ ಒಂದು ಗಂಟೆ ಆದ ಮೇಲೆ ತುಣುಕು ತಾನಾಗಿ ಹೋಗುತ್ತದೆ, ಬೇಕಿದ್ದರೆ ಪಿನ್ ಮಾಡಬೇಕು. ಯಕ್ಷಗಾನದ ಸುದ್ದಿಯನ್ನು ರಾತ್ರಿ ಬಯಲಾಟದ ಜಾಗದಿಂದಲೇ ಫೋನಿನಲ್ಲಿ ಬರೆದು ಕಳಿಸುವ ವರದಿಗಾರರು ಇದನ್ನು ಒಮ್ಮೆ ನೋಡಿಕೊಳ್ಳಿ. ಮೇಳದ ಹೆಸರು, ಕಲಾವಿದರ ಹೆಸರುಗಳನ್ನು ಸರಿಯಾಗಿ ಒಮ್ಮೆ ಬರೆದು ಪಿನ್ ಮಾಡಿದರೆ ಪ್ರತಿ ರಾತ್ರಿ ತಪ್ಪು ತಿದ್ದುವ ಕೆಲಸ ಇಲ್ಲ.

ಪಿನ್ ಮಾಡುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಬಂದದ್ದು 1843ರ ಜುಲೈ 1ರಂದು, ನಮ್ಮ ಮಂಗಳೂರಿನಲ್ಲೇ. ಅದು ಕಲ್ಲಚ್ಚು. ಕಲ್ಲಚ್ಚು ಅಂದರೆ ಪ್ರತಿ ಸಂಚಿಕೆಗೂ ಪ್ರತಿ ಅಕ್ಷರವನ್ನು ಕೈಯಲ್ಲಿ ಹೊಸದಾಗಿ ಬರೆಯಬೇಕು. ಆಮೇಲೆ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸುವ ಕಾಲ ಬಂತು. ಮೊಳೆಯ ಪ್ರೆಸ್ಸಿನಲ್ಲಿ ಕೆಲಸ ಮಾಡಿದ ಹಿರಿಯರು ಇಲ್ಲಿ ಇಬ್ಬರು ಕೂತಿದ್ದಾರೆ, ಅವರಿಗೆ ಗೊತ್ತು. ಮುದ್ರಣ ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಪೆಟ್ಟಿಗೆಯ ಅದರದರ ಮನೆಗೆ ಹಾಕುತ್ತಿದ್ದರು. ಆದರೆ ಮತ್ತೆಮತ್ತೆ ಬೇಕಾಗುವ ಸಾಲುಗಳನ್ನು ಬಿಡಿಸುತ್ತಿರಲಿಲ್ಲ. ನೂಲು ಸುತ್ತಿ ಹಾಗೆಯೇ ಒಂದು ಕಡೆ ಇಟ್ಟುಬಿಡುತ್ತಿದ್ದರು. ಪ್ರೆಸ್ಸಿನ ಹೆಸರು, ವಿಳಾಸದ ಸಾಲು, ಮದುವೆ ಕಾಗದದ ಒಕ್ಕಣೆ. ನಮ್ಮ ಪಿನ್ ಅಂದರೆ ಆ ನೂಲು. ಯಾವುದಕ್ಕೆ ನೂಲು ಸುತ್ತಬೇಕು, ಯಾವುದನ್ನು ಬಿಡಿಸಬೇಕು ಅಂತ ತಿಳಿದಿದ್ದವರೇ ಒಳ್ಳೆಯ ಕಂಪೋಸಿಟರು.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಕೈ ಎತ್ತಿದರು. ಅವರು ದಸ್ತಾವೇಜು ಬರೆಯುವವರು. "ನಮಗೆ ದಿನಾ ಅದೇ ಒಕ್ಕಣೆ, ಅದೇ ಷೆಡ್ಯೂಲು. ಎಲ್ಲ ಪಿನ್ ಮಾಡಿಟ್ಟರೆ ಆಯ್ತಲ್ಲ?" ಅಂತ ಕೇಳಿದರು.

ಇಲ್ಲ ಅಕ್ಕ, ಎಲ್ಲವೂ ಬೇಡ. ನಿಮ್ಮ ಕೆಲಸದಲ್ಲಿ ಬದಲಾಗದ ಮಾತು ಯಾವುದು, ಬದಲಾಗುವ ಮಾತು ಯಾವುದು ಅಂತ ಮೊದಲು ಬೇರೆ ಮಾಡಬೇಕು. "ಮಾಮೂಲು ದಾರಿ, ನೀರಿನ ಹಕ್ಕು ಸಹಿತ" ಅನ್ನುವ ಸಾಲು ಬದಲಾಗುವುದಿಲ್ಲ, ಪಿನ್ ಮಾಡಿ. ಸಾಕ್ಷಿಗಳ ಭಾಗದ ಒಕ್ಕಣೆ ಬದಲಾಗುವುದಿಲ್ಲ, ಪಿನ್ ಮಾಡಿ. ಸರ್ವೆ ನಂಬರು, ಹಿಸ್ಸೆ, ಎಷ್ಟು ಸೆಂಟ್ಸ್, ಚೆಕ್ಕುಬಂದಿಯಲ್ಲಿ ಯಾರ ಜಾಗ, ಇದನ್ನು ಯಾವತ್ತೂ ಪಿನ್ ಮಾಡಬೇಡಿ. ಪ್ರತಿ ಸಲ ಆರ್‌ಟಿಸಿಯಿಂದ ಹೊಸದಾಗಿಯೇ ತೆಗೆಯಿರಿ. ಯಾಕೆ ಹೇಳುತ್ತೇನೆ ಅಂದರೆ ಮೊದಲು ಕ್ಲಿಪ್‌ಬೋರ್ಡಿನಲ್ಲಿ ಇದ್ದದ್ದು ಒಂದೇ, ತಪ್ಪಿ ಹಳೆಯದು ಬರುವ ಪ್ರಶ್ನೆ ಕಡಿಮೆ. ಈಗ ಪಟ್ಟಿಯಲ್ಲಿ ಒಂದೇ ಥರ ಕಾಣುವ ನಾಲ್ಕು ನಂಬರು ಇರುತ್ತವೆ. 112ರ 3 ಇರುತ್ತದೆ, ಅದರ ಕೆಳಗೇ 112ರ 8 ಇರುತ್ತದೆ. ಬೆರಳು ಒಂದು ಸಾಲು ಕೆಳಗೆ ಹೋದರೆ ಇನ್ನೊಬ್ಬರ ಜಾಗ ಬರೆದ ಹಾಗಾಗುತ್ತದೆ, ಆಮೇಲೆ ತಿದ್ದುಪಡಿ ಪತ್ರ ಮಾಡಿಸಲು ಪಾಪ ಅವರು ಮತ್ತೆ ಎಲ್ಲರನ್ನೂ ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕು.

ಇದನ್ನು ನಾನು ಅನುಭವದಿಂದಲೇ ಹೇಳುವುದು. ಒಂದು ಗೃಹಪ್ರವೇಶದ ಆಮಂತ್ರಣದ ಒಕ್ಕಣೆಯನ್ನು ತಾರೀಕಿನ ಸಮೇತ ಪಿನ್ ಮಾಡಿಟ್ಟಿದ್ದೆ. ಎರಡು ತಿಂಗಳ ನಂತರ ಬೇರೆಯವರ ಆಮಂತ್ರಣಕ್ಕೆ ಅದನ್ನೇ ಹಾಕಿ ಹೆಸರು ಬದಲಿಸಿದೆ, ವಾರ ಬದಲಿಸಿದೆ, ತಾರೀಕು ಹಾಗೆಯೇ ಉಳಿಯಿತು. ಮನೆಯವರು ಪ್ರೂಫ್ ನೋಡುವಾಗ ಅವರ ಅಜ್ಜಿ ಹಿಡಿದರು, ಇಲ್ಲದಿದ್ದರೆ ಅಚ್ಚಾಗಿಯೇ ಹೋಗುತ್ತಿತ್ತು. ಅವತ್ತಿನಿಂದ ಪಿನ್ ಮಾಡುವ ಒಕ್ಕಣೆಯಲ್ಲಿ ಹೆಸರು, ತಾರೀಕು, ಸ್ಥಳ ಇರುವಲ್ಲಿ ಖಾಲಿ ಗೆರೆ ಎಳೆದಿಡುತ್ತೇನೆ. ಗೆರೆ ಉಳಿದರೆ ಕಣ್ಣಿಗೆ ಹೊಡೆಯುತ್ತದೆ. ಹಳೆಯ ತಾರೀಕು ಉಳಿದರೆ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಕನ್ನಡದವರಿಗೆ ಮಾತ್ರ ಇರುವ ತೊಂದರೆ. ನಮ್ಮಲ್ಲಿ ಇನ್ನೂ ಅರ್ಧ ಅಂಗಡಿಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಪುಟ ಕಟ್ಟುವ ಪೇಜ್‌ಮೇಕರಿನಲ್ಲಿ ಕೆಲಸ ಮಾಡುತ್ತವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷಿನ ಅಕ್ಷರ, ಗುರುತುಗಳ ಮೇಲೆ ಕನ್ನಡದ ರೂಪ ಕೂರಿಸಿದ್ದು ಅಷ್ಟೆ. ಫಾಂಟ್ ತೆಗೆದರೆ ಒಳಗಿನದ್ದು ಹೊರಗೆ ಬರುತ್ತದೆ. ಕ್ಲಿಪ್‌ಬೋರ್ಡಿನ ಪಟ್ಟಿಯಲ್ಲಿ ಫಾಂಟ್ ಇರುವುದಿಲ್ಲ, ಹಾಗಾಗಿ ಅಲ್ಲಿ ನಿಮಗೆ ಕಾಣುವುದು ಅರ್ಥ ಇಲ್ಲದ ಅಕ್ಷರಗಳ ರಾಶಿ. ಯಾವುದು ಮುಹೂರ್ತದ ಸಾಲು, ಯಾವುದು ಸಮಿತಿಯ ಸಾಲು ಅಂತ ಗುರುತೇ ಸಿಗುವುದಿಲ್ಲ. ಹುಡುಕಲೂ ಆಗುವುದಿಲ್ಲ.

ಅದಕ್ಕೆ ನನ್ನ ಸಲಹೆ ಇಷ್ಟೇ. ಟೈಪ್ ಮಾಡುವುದನ್ನು ಯೂನಿಕೋಡಿಗೆ ಬದಲಿಸಿ. ಕೀಲಿಮಣೆ ಹೊಸದಾಗಿ ಕಲಿಯುವುದು ಬೇಡ, ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಬೆರಳಿಗೆ ಅದೇ ಅಭ್ಯಾಸ. ಆ ಕೀಲಿಮಣೆಯ ವಿನ್ಯಾಸ ಮಾಡಿದವರು ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಇಷ್ಟು ಕಡಿಮೆ ಕೀಗಳಲ್ಲಿ ಕನ್ನಡದ ಎಲ್ಲ ಒತ್ತಕ್ಷರ ಬರುವ ಹಾಗೆ ಯೋಚಿಸಿದ್ದು ನಮ್ಮ ಊರಿನವರು ಅನ್ನುವುದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಪೇಜ್‌ಮೇಕರಿಗೆ ಹಾಕುವ ಕೊನೆಯ ಹಂತದಲ್ಲಿ ಮಾತ್ರ ಪರಿವರ್ತಕದಲ್ಲಿ ಹಳೆಯ ರೂಪಕ್ಕೆ ಬದಲಿಸಿ. ಹೆಡಿಗೆಯಲ್ಲಿ ಇರುವುದು ಯಾವಾಗಲೂ ಯೂನಿಕೋಡ್ ಕನ್ನಡವೇ ಆಗಿರಲಿ.

ಪಿಡಿಎಫ್‌ನಿಂದ ಕಾಪಿ ಮಾಡಿದ ಕನ್ನಡ ಒಡೆದು ಬರುತ್ತದೆ ಅಂತ ಒಬ್ಬರು ಕೇಳಿದರು. ಅದು ಮ್ಯಾನೇಜರಿನ ತಪ್ಪಲ್ಲ, ಅದರಿಂದ ಸರಿಯಾಗುವುದೂ ಇಲ್ಲ. ಪಿಡಿಎಫ್ ಒಳಗೆ ಅಕ್ಷರದ ರೂಪ ಇರುತ್ತದೆ, ಯಾವ ಅಕ್ಷರ ಅನ್ನುವ ಮಾಹಿತಿ ಹಲವು ಸಲ ಸರಿಯಾಗಿ ಇರುವುದಿಲ್ಲ. ಅದನ್ನು ಸುಮ್ನೆ ಕಾಪಿ ಮಾಡಿ ಸಮಯ ಕಳೆಯಬೇಡಿ.

ಬಣ್ಣ, ದೊಡ್ಡ ಅಕ್ಷರ ಎಲ್ಲ ಅಂಟಿಕೊಂಡು ಬರುವುದಕ್ಕೆ ಕಾರಣ ಬೇರೆ. ಒಮ್ಮೆ ಕಾಪಿ ಮಾಡಿದಾಗ ಅದೇ ಮಾತು ಎರಡು ಮೂರು ರೂಪದಲ್ಲಿ ಒಟ್ಟಿಗೆ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ, ಬರಿಯ ಅಕ್ಷರವಾಗಿ ಒಂದು, ಅಲಂಕಾರದ ಸಮೇತ ಇನ್ನೊಂದು. ಪೇಸ್ಟ್ ಆಗುವ ತಂತ್ರಾಂಶ ತನಗೆ ಬೇಕಾದ್ದನ್ನು ಆರಿಸುತ್ತದೆ. ಬರಿಯ ಅಕ್ಷರ ಬೇಕಾದರೆ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ನೋಡಿ. ಹೆಚ್ಚಿನ ಕಡೆ ಕೆಲಸ ಮಾಡುತ್ತದೆ.

ಈಗ ನಾನು ಇವತ್ತು ಹೇಳಲೇಬೇಕಾದ ಮಾತು. ಇದುವರೆಗೆ ಹೇಳಿದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಹೆಡಿಗೆಗೆ ಒಳ್ಳೆಯ ಅಡಿಕೆ ಯಾವುದು, ಕೆಟ್ಟದ್ದು ಯಾವುದು ಗೊತ್ತಿಲ್ಲ. ಬಿದ್ದದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. ನಮ್ಮ ಅಂಗಡಿಗಳಿಗೆ ಜನ ಏನೇನು ತರುತ್ತಾರೆ? ಆಧಾರ್ ನಂಬರು, ಬ್ಯಾಂಕ್ ಖಾತೆ, ಮಕ್ಕಳ ಅಂಕಪಟ್ಟಿ, ಆಸ್ಪತ್ರೆಯ ಕಾಗದ. ಕೆಲವರು ಪಾಸ್‌ವರ್ಡನ್ನೇ ಚೀಟಿಯಲ್ಲಿ ಬರೆದು ಕೊಡುತ್ತಾರೆ, ನಮ್ಮ ಮೇಲಿನ ನಂಬಿಕೆಯಿಂದ. ನಾವು ಅದನ್ನು ಅರ್ಜಿಗೆ ಕಾಪಿ ಮಾಡಿ ಹಾಕಿದರೆ ಅದು ಪಟ್ಟಿಯಲ್ಲಿ ಉಳಿಯುತ್ತದೆ. ಅವರು ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾರೆ, ಅವರ ಆಧಾರ್ ನಂಬರು ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಮತ್ತು ವಿ ಒತ್ತಿದವರಿಗೆಲ್ಲ ಕಾಣುತ್ತದೆ. ಡಿಟ್ಟೊದಲ್ಲಿ ಆದರೆ ತಿಂಗಳುಗಟ್ಟಲೆ. ಆ ಫೈಲಿಗೆ ಬೀಗ ಇಲ್ಲ, ಕಂಪ್ಯೂಟರಿನಲ್ಲಿ ಕೂತವರು ಯಾರೂ ಓದಬಹುದು. ಇದು ನಮ್ಮ ವಸ್ತು ಅಲ್ಲ. ಅವರದ್ದು.

ಹಾಗಾಗಿ ನಾನು ಮಾಡುವುದು ಇದು. ಗಿರಾಕಿಗಳ ಅರ್ಜಿ ಕೆಲಸಕ್ಕೆ ಬೇರೆ ಕಂಪ್ಯೂಟರ್, ಅದರಲ್ಲಿ ಮ್ಯಾನೇಜರ್ ಇಲ್ಲ, ವಿಂಡೋಸಿನ ಪಟ್ಟಿಯೂ ಆಫ್. ಒಂದೇ ಕಂಪ್ಯೂಟರ್ ಇರುವವರು ಆ ಕೆಲಸ ಮುಗಿದ ಕೂಡಲೇ ಪಟ್ಟಿ ತೆರೆದು ಆ ಒಂದು ಸಾಲು ಅಳಿಸಿ. ಸಂಜೆ ಶಟರ್ ಎಳೆಯುವ ಮೊದಲು ಪೂರ್ತಿ ಖಾಲಿ ಮಾಡಿ. ಎಲ್ಲ ಅಳಿಸು ಅಂತ ಕೊಟ್ಟರೂ ಪಿನ್ ಮಾಡಿದ್ದು ಹಾಗೆಯೇ ಉಳಿಯುತ್ತದೆ, ಒಕ್ಕಣೆಗಳು ಹೋಗುತ್ತವೆ ಅನ್ನುವ ಹೆದರಿಕೆ ಬೇಡ. ಸೆಟ್ಟಿಂಗಿನಲ್ಲಿ ಬೇರೆ ಸಾಧನಗಳಿಗೂ ಕಳಿಸು ಅಂತ ಒಂದು ಆಯ್ಕೆ ಇರುತ್ತದೆ, ಅಂಗಡಿಯ ಕಂಪ್ಯೂಟರಿನಲ್ಲಿ ಅದು ಆಫ್ ಇರಲಿ. ಪಾಸ್‌ವರ್ಡ್, ಒಟಿಪಿ ಕಾಪಿ ಮಾಡುವ ಅಭ್ಯಾಸ ಬಿಡಿ, ಕೈಯಲ್ಲಿ ಟೈಪ್ ಮಾಡಿ, ಇಲ್ಲವೇ ಕೆಲವು ಸೆಕೆಂಡಿನಲ್ಲಿ ತಾನೇ ಅಳಿಸುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ.

ಇನ್ನೊಂದು. ಕ್ಲಿಪ್‌ಬೋರ್ಡಿನಲ್ಲಿರುವ ಖಾತೆ ನಂಬರನ್ನು ಗೊತ್ತಾಗದ ಹಾಗೆ ಬದಲಿಸುವ ಕೆಟ್ಟ ತಂತ್ರಾಂಶಗಳೂ ಇವೆ. ನೀವು ಕಾಪಿ ಮಾಡಿದ್ದು ಒಂದು, ಪೇಸ್ಟ್ ಆದದ್ದು ಇನ್ನೊಂದು. ಹಣ ಕಳಿಸುವಾಗ ಪೇಸ್ಟ್ ಆದ ಮೇಲೆ ಮೊದಲ ನಾಲ್ಕು, ಕೊನೆಯ ನಾಲ್ಕು ಅಂಕೆಗಳನ್ನು ಪಾಸ್‌ಬುಕ್ಕಿನ ಜೊತೆ ಇಟ್ಟು ನೋಡಿ. ಫೋನಿನಲ್ಲಿ ಈಗ ಸ್ವಲ್ಪ ರಕ್ಷಣೆ ಬಂದಿದೆ. 2019ರ ಆಂಡ್ರಾಯ್ಡ್ 10ರಿಂದ ಹಿಂದೆ ಕೂತಿರುವ ಆ್ಯಪ್‌ಗಳು ಕ್ಲಿಪ್‌ಬೋರ್ಡ್ ಓದುವುದಕ್ಕೆ ಆಗುವುದಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಅಂಥ ಬೇಲಿ ಇಲ್ಲ.

ಮಾತು ಮುಗಿಸಿ ಕೂರುವ ಹೊತ್ತಿಗೆ ದಸ್ತಾವೇಜಿನ ಅಕ್ಕನೇ ಮತ್ತೆ ಕೈ ಎತ್ತಿದರು. "ನೀವು ಹೇಳಿದ್ದೆಲ್ಲ ಸರಿ. ನಮ್ಮಲ್ಲಿ ಜೂನ್ ಬಂದರೆ ಗಂಟೆಗೊಮ್ಮೆ ಕರೆಂಟ್ ಹೋಗುತ್ತದೆ. ಆಗ ಏನು ಕಥೆ?"

ಒಳ್ಳೆಯ ಪ್ರಶ್ನೆ. ಇದನ್ನು ನಾನೇ ಹೇಳಬೇಕಿತ್ತು. ವಿಂಡೋಸಿನ ಪಟ್ಟಿ ಕಂಪ್ಯೂಟರ್ ಆಫ್ ಆದರೆ ಖಾಲಿಯಾಗುತ್ತದೆ, ಪಿನ್ ಮಾಡಿದ್ದು ಮಾತ್ರ ಉಳಿಯುತ್ತದೆ. ಡಿಟ್ಟೊ ಡಿಸ್ಕಿನಲ್ಲಿ ಬರೆದಿಡುವುದರಿಂದ ಕರೆಂಟ್ ಬಂದ ಮೇಲೆ ಎಲ್ಲವೂ ಹಾಗೆಯೇ ಇರುತ್ತದೆ. ಯುಪಿಎಸ್ ಇಲ್ಲದವರು ಮಳೆಗಾಲಕ್ಕೆ ಡಿಟ್ಟೊ ಹಾಕಿಕೊಳ್ಳಿ, ಏಳು ದಿನಕ್ಕೆ ಅಳಿಸು ಅಂತ ಕೊಟ್ಟಿಡಿ.

"ಏಳು ದಿನ ಜಾಸ್ತಿ ಆಯ್ತು" ಅಂದರು ಅಕ್ಕ. "ಜನರ ಆಧಾರ್ ಇರುತ್ತದೆ ಅಂತ ನೀವೇ ಹೇಳಿದಿರಲ್ಲ. ನಾನು ಒಂದು ದಿನ ಇಡ್ತೇನೆ."

ಅವರು ಹೇಳಿದ್ದೇ ಸರಿ. ಮನೆಗೆ ಬಂದು ನನ್ನದನ್ನೂ ಒಂದು ದಿನಕ್ಕೆ ಬದಲಿಸಿದೆ.